ಘಟ್ಟ ಹತ್ತಲು ಯಾವ ದಾರಿ? ಅರಬೈಲ್, ದೇವಿಮನೆ, ಅಣಶಿ, ಮಾಲೇಮನೆ ಮತ್ತು ರೈಲು

ಕಾರವಾರದಿಂದ ಹುಬ್ಬಳ್ಳಿಗೆ ಯಾವ ದಾರಿ ಒಳ್ಳೆಯದು? ಶಿರಸಿಯಿಂದ ಕರಾವಳಿಗೆ ಇಳಿಯಲು ದೇವಿಮನೆ ಸರಿಯೋ, ಯಲ್ಲಾಪುರ ಸುತ್ತಿಕೊಂಡು ಬರುವುದು ಸರಿಯೋ? ಬೆಂಗಳೂರಿಗೆ ಬಸ್ಸೋ ರೈಲೋ? ನಮ್ಮ ಜಿಲ್ಲೆಯ ಮದುವೆ ಮನೆಯ ಪಂಕ್ತಿಯಲ್ಲಿ ಈ ಮಾತು ಎದ್ದರೆ ಪಾಯಸ ಬರುವಷ್ಟರಲ್ಲಿ ನಾಲ್ಕು ಪಕ್ಷಗಳಾಗಿರುತ್ತವೆ. ಕಳೆದ ಬಾರಿ ತಾವು ಸುಖವಾಗಿ ತಲುಪಿದ ದಾರಿಯೇ ಶ್ರೇಷ್ಠ ಎಂದು ಪ್ರತಿಯೊಬ್ಬರೂ ಸಾಧಿಸುತ್ತಾರೆ. ಅವರು ಹೋದದ್ದು ಡಿಸೆಂಬರ್ ತಿಂಗಳ ಹಗಲಿನಲ್ಲಿ, ಕೇಳುವವರು ಹೊರಟಿರುವುದು ಜುಲೈ ತಿಂಗಳ ರಾತ್ರಿಯಲ್ಲಿ ಎಂಬುದನ್ನು ಯಾರೂ ಗಮನಿಸುವುದಿಲ್ಲ.

ಉತ್ತರ ಕನ್ನಡದ ರಸ್ತೆಗಳ ನಕ್ಷೆಯನ್ನು ಒಂದು ಏಣಿಯಂತೆ ಕಲ್ಪಿಸಿಕೊಳ್ಳಿ. ಕೆಳಗಿನ ಕಂಬ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳನ್ನು ಪೋಣಿಸುವ ಕರಾವಳಿ ಹೆದ್ದಾರಿ. ಮೇಲಿನ ಕಂಬ ಯಲ್ಲಾಪುರ, ಶಿರಸಿ, ಸಿದ್ದಾಪುರ, ತಾಳಗುಪ್ಪಗಳ ಸಾಲು. ನಡುವಿನ ಮೆಟ್ಟಿಲುಗಳೇ ಘಟ್ಟದ ದಾರಿಗಳು. ಮೆಟ್ಟಿಲ ಮಧ್ಯದಲ್ಲಿ ಸಿಕ್ಕಿಕೊಂಡವರಿಗೆ ಪಕ್ಕದ ಮೆಟ್ಟಿಲಿಗೆ ಹಾರುವ ಅವಕಾಶವಿಲ್ಲ. ಮನಸ್ಸು ಬದಲಿಸುವುದಿದ್ದರೆ ಯಾವುದಾದರೊಂದು ಕಂಬದ ಬಳಿ ಇರುವಾಗಲೇ ಬದಲಿಸಬೇಕು. ನಾನು ಮುಂದೆ ಹೇಳುವ ಬಹುಪಾಲು ಸಲಹೆಗಳ ಹಿಂದಿರುವ ತರ್ಕ ಇಷ್ಟೇ.

ಈ ಮೆಟ್ಟಿಲುಗಳನ್ನು ಹೆದ್ದಾರಿ ಇಲಾಖೆ ಹೊಸದಾಗಿ ಹುಡುಕಿದ್ದಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕು ಹೊಳೆಗಳು ಸಮುದ್ರ ಸೇರುವಲ್ಲಿ ಬಂದರುಗಳಿದ್ದವು. ದೋಣಿ ಸಾಗುವಷ್ಟು ದೂರ ಹೊಳೆಯಲ್ಲಿ ಹೋಗಿ, ಅಲ್ಲಿಂದ ಹೇರೆತ್ತುಗಳ ಬೆನ್ನ ಮೇಲೆ ಸರಕು ಘಟ್ಟ ಹತ್ತುತ್ತಿತ್ತು. ಕಾಳಿಯಲ್ಲಿ ಕದ್ರಾದವರೆಗೆ, ಅಘನಾಶಿನಿಯಲ್ಲಿ ಉಪ್ಪಿನಪಟ್ಟಣದವರೆಗೆ, ಶರಾವತಿಯಲ್ಲಿ ಗೇರುಸೊಪ್ಪೆಯವರೆಗೆ ದೋಣಿ ಹೋಗುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಹೋದದ್ದು ಹೀಗೆಯೇ: ಹೊನ್ನಾವರದವರೆಗೆ ಹಡಗು, ಗೇರುಸೊಪ್ಪೆಯವರೆಗೆ ದೋಣಿ, ಮುಂದೆ ಘಟ್ಟ. ಮೇಲಿನಿಂದ ಕಾಳುಮೆಣಸು ಇಳಿಯುತ್ತಿತ್ತು, ಕೆಳಗಿನಿಂದ ಉಪ್ಪು ಹತ್ತುತ್ತಿತ್ತು. ಇಂದಿಗೂ ಲೆಕ್ಕ ಹೆಚ್ಚು ಬದಲಾಗಿಲ್ಲ, ಅಡಿಕೆ ಇಳಿಯುತ್ತದೆ, ಮೀನು ಹತ್ತುತ್ತದೆ.

ಆಯ್ಕೆಗೆ ಮೊದಲು ನೋಡಬೇಕಾದದ್ದು

ಮೊಬೈಲ್ ತೋರಿಸುವ ಕಿಲೋಮೀಟರನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದದ್ದು ತಿಂಗಳು. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ಜಿಲ್ಲೆಯಲ್ಲಿ ತೆರೆದಿದೆ ಎಂದು ಖಚಿತವಾಗಿ ಹೇಳಬಹುದಾದ ಘಟ್ಟದ ರಸ್ತೆ ಒಂದೂ ಇಲ್ಲ. ಎರಡನೆಯದು ಹೊತ್ತು: ಕತ್ತಲೆಯ ಮೊದಲು ಘಟ್ಟ ದಾಟುತ್ತೀರೋ ಇಲ್ಲವೋ. ಮೂರನೆಯದು ಜೊತೆಗಿರುವವರು. ತಿರುವಿಗೆ ವಾಂತಿ ಮಾಡುವ ಮಗು, ಮಂಡಿ ನೋವಿನ ಅಜ್ಜಿ, ಹೊಸದಾಗಿ ಕಾರು ಕಲಿತ ಅಳಿಯ, ಹೇರು ತುಂಬಿದ ಪಿಕಪ್ ಇವರೆಲ್ಲರಿಗೂ ಒಂದೇ ದಾರಿ ಹೇಳುವವರನ್ನು ನಂಬಬೇಡಿ. ನಾಲ್ಕನೆಯದು ದುಡ್ಡು. ಇಲ್ಲಿ ಟೋಲ್ ಮತ್ತು ಡೀಸೆಲ್ ಜೊತೆಗೆ ಶಕ್ತಿ ಯೋಜನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರ ಜೂನ್ 11ರಿಂದ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ಒಂದೇ ಮನೆಯ ಗಂಡ ಹೆಂಡಿರಿಗೆ ಅಗ್ಗದ ದಾರಿ ಬೇರೆ ಬೇರೆಯಾಗಿರಬಹುದು!

ಐದನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ದಾರಿ ಬಂದ್ ಆಗಿದೆ ಎಂದು ನಿಮಗೆ ಎಲ್ಲಿ ತಿಳಿಯುತ್ತದೆ, ಅಲ್ಲಿಂದ ಇನ್ನೊಂದು ಘಟ್ಟ ಎಷ್ಟು ದೂರ? ನನ್ನ ಮಟ್ಟಿಗೆ ಮಳೆಗಾಲದಲ್ಲಿ ಉಳಿದೆಲ್ಲವೂ ಇದರ ನಂತರವೇ.

ಅರಬೈಲ್: ಲಾರಿಗಳ ದಾರಿ

ಹುಬ್ಬಳ್ಳಿ, ಧಾರವಾಡ, ಗದಗ, ಬಳ್ಳಾರಿಗಳ ಕಡೆಯಿಂದ ಕರಾವಳಿಗೆ ಬರುವವರಿಗೆ ಮೊದಲ ಆಯ್ಕೆ ಇದೇ. ಯಲ್ಲಾಪುರದಿಂದ ಇಡಗುಂದಿ, ಅರಬೈಲ್, ಗುಳ್ಳಾಪುರ, ರಾಮನಗುಳಿ, ಸುಂಕಸಾಳ ದಾಟಿ ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಕರಾವಳಿ ಹೆದ್ದಾರಿಗೆ ಸೇರುತ್ತದೆ. ಹೆದ್ದಾರಿಯ ಸಂಖ್ಯೆ ಈಗ 52. ಜನರ ಬಾಯಲ್ಲಿ ಮಾತ್ರ ಇನ್ನೂ ಅರವತ್ತಮೂರೇ. ಕಾರವಾರದಿಂದ ಹುಬ್ಬಳ್ಳಿಗೆ ಈ ದಾರಿಯಲ್ಲಿ ಸುಮಾರು 165 ಕಿ.ಮೀ.

ರಸ್ತೆಯ ಅಗಲ, ಪೆಟ್ರೋಲ್ ಬಂಕು, ಊಟದ ಹೋಟೆಲು, ಕೆಟ್ಟು ನಿಂತರೆ ಮೆಕ್ಯಾನಿಕ್, ರಾತ್ರಿಯೂ ಓಡುವ ಬಸ್ಸು, ಇವೆಲ್ಲವನ್ನೂ ಸೇರಿಸಿ ನೋಡಿದರೆ ಘಟ್ಟಗಳಲ್ಲಿ ಅರಬೈಲಿಗೆ ಸಾಟಿಯಿಲ್ಲ. ಅದರ ದೋಷವೂ ಅದೇ ಗುಣದಿಂದ ಹುಟ್ಟಿದ್ದು. ರಸ್ತೆ ಒಳ್ಳೆಯದಿರುವಲ್ಲಿಗೆ ಲಾರಿಗಳು ಬರುತ್ತವೆ. ಹೊಸಪೇಟೆ, ಬಳ್ಳಾರಿಯ ಕಬ್ಬಿಣದ ಅದಿರು ಬೇಲೆಕೇರಿ ಬಂದರಿಗೆ ಹರಿಯುತ್ತಿದ್ದ ವರ್ಷಗಳಲ್ಲಿ ಈ ರಸ್ತೆ ಕೆಂಪು ಧೂಳಿನ ನದಿಯೇ ಆಗಿತ್ತು. 2010ರ ಅಕ್ರಮ ಅದಿರು ಸಾಗಣೆಯ ಹಗರಣದ ನಂತರ ಆ ಅಬ್ಬರ ಅಡಗಿತು, ಲಾರಿಗಳ ಸಾಲು ಪೂರ್ತಿ ನಿಲ್ಲಲಿಲ್ಲ. ಏರಿನಲ್ಲಿ ಒಂದು ಲಾರಿ ಕೆಟ್ಟು ನಿಂತಿತೆಂದರೆ ನಿಮ್ಮ ಲೆಕ್ಕಾಚಾರಕ್ಕೆ ಒಂದು ಗಂಟೆ ಸೇರಿಸಿಕೊಳ್ಳಿ.

ಬೆಳಗಿನ ಜಾವದ ಪ್ರಯಾಣ ಇಲ್ಲಿ ಜಾಣತನವೆಂದು ತೋರುತ್ತದೆ. ನನಗೆ ಆ ಬಗ್ಗೆ ಅನುಮಾನವಿದೆ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ತರುತ್ತಿದ್ದ ಲಾರಿ ಗುಳ್ಳಾಪುರದ ಬಳಿ ಉರುಳಿ ಹತ್ತು ಮಂದಿ ವ್ಯಾಪಾರಿಗಳು ಸತ್ತದ್ದು ನಸುಕಿನ ಹೊತ್ತಿನಲ್ಲೇ. ಚಳಿಗಾಲದಲ್ಲಿ ಮಂಜು, ರಾತ್ರಿಯಿಡೀ ನಿದ್ದೆಗೆಟ್ಟ ಚಾಲಕರು, ಎದುರಿನ ದೀಪದ ಕಣ್ಣು ಕುಕ್ಕುವ ಬೆಳಕು ಮೂರೂ ಸೇರುವ ಸಮಯ ಅದು. ಬೆಳಕು ಹರಿದ ಮೇಲೆ ಯಲ್ಲಾಪುರ ಬಿಡುವಂತೆ ಹೊರಟರೆ ಏನೂ ಕಳೆದುಕೊಳ್ಳುವುದಿಲ್ಲ.

ಮಳೆಗಾಲದ ಮಾತು ಬೇರೆ. 2021ರ ಜುಲೈ ಮಳೆಗೆ ಇದೇ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಹೊತ್ತೊಯ್ದಿತು. ಆದರೂ ಮಳೆಯಲ್ಲಿ ನಾನು ಅರಬೈಲಿಗೇ ಮತ ಹಾಕುತ್ತೇನೆ. ಮೇಲಿನಿಂದ ಬರುವವರಿಗೆ ಯಲ್ಲಾಪುರದಲ್ಲೇ ಸುದ್ದಿ ಸಿಗುತ್ತದೆ. ಬಸ್ ನಿಲ್ದಾಣದಲ್ಲಿ ಕೇಳಿದರೆ ಸಾಕು, ಕೆಳಗಿನಿಂದ ಬಸ್ಸು ಬಂದಿದೆಯೋ ಇಲ್ಲವೋ ಹೇಳುತ್ತಾರೆ. ಬಂದಿಲ್ಲವೆಂದರೆ ಅಲ್ಲಿಂದ ಐವತ್ತು ಕಿ.ಮೀ. ಶಿರಸಿಗೆ ತಿರುಗಿ ದೇವಿಮನೆ ನೋಡಬಹುದು. ಅದೂ ಆಗದಿದ್ದರೆ ಸಿದ್ದಾಪುರಕ್ಕೆ ಮುಂದುವರಿದು ಮಾಲೇಮನೆ. ಒಂದರ ಹಿಂದೆ ಒಂದು ಬಾಗಿಲು ಇದೆ. ದೂರ ಹೆಚ್ಚಾದರೂ ರಾತ್ರಿ ಕಾಡಿನಲ್ಲಿ ಕಳೆಯಬೇಕಾಗಿಲ್ಲ.

ಕೈಗಾ ಮತ್ತು ಅಣಶಿ: ಕಾಳಿಯ ಬದಿಯ ಎರಡು ದಾರಿಗಳು

ಕಾರವಾರದವರಿಗೆ ಅಂಕೋಲೆಗೆ ಇಳಿಯದೆ ನೇರವಾಗಿ ಘಟ್ಟ ಹತ್ತುವ ಎರಡು ದಾರಿಗಳಿವೆ. ಎರಡೂ ಕದ್ರಾದವರೆಗೆ ಕಾಳಿ ಕಣಿವೆಯಲ್ಲೇ ಸಾಗಿ ಆ ಭಾಗದಲ್ಲಿ ಕವಲೊಡೆಯುತ್ತವೆ.

ಕೈಗಾ ಮೂಲಕ ಇಡಗುಂದಿಗೆ ಹತ್ತಿ ಯಲ್ಲಾಪುರ ಸೇರುವುದು ಕಾರವಾರ–ಇಳಕಲ್ ರಾಜ್ಯ ಹೆದ್ದಾರಿ. ಕಿಲೋಮೀಟರಿನಲ್ಲಿ ಅರಬೈಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅದನ್ನು ಸಾಗಿಸಲು ಕಾರವಾರವನ್ನು ದೊಡ್ಡ ಬಂದರು ಮಾಡಬೇಕೆಂಬ ಒತ್ತಡದಲ್ಲಿಯೇ 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಈ ಕಣಿವೆಗಳಲ್ಲಿ ಗಾಡಿ ರಸ್ತೆ ಕಡಿದದ್ದು ಆ ಹತ್ತಿಯ ಆಸೆಗೆ. 1880ರ ದಶಕದ ಕೊನೆಗೆ ಮುರ್ಮುಗೋವೆಯಿಂದ ಕ್ಯಾಸಲ್‌ರಾಕ್ ಮೂಲಕ ರೈಲು ಬಂದು ಹತ್ತಿಯೆಲ್ಲ ಅತ್ತ ಹರಿಯಿತು, ಕಾರವಾರದ ಕನಸು ಅರ್ಧಕ್ಕೆ ನಿಂತಿತು. ಇಂದು ಕೈಗಾ ದಾರಿಯಲ್ಲಿ ಲಾರಿಗಳ ಕಾಟವಿಲ್ಲ. ಜೊತೆಗೆ ಜನರೂ ಇಲ್ಲ. ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಮಾತ್ರ. ಚಳಿಗಾಲದ ಹಗಲಿನಲ್ಲಿ, ಟ್ಯಾಂಕ್ ತುಂಬಿಸಿಕೊಂಡು, ಸ್ವಂತ ವಾಹನದಲ್ಲಿ ಹೋಗುವವರಿಗೆ ಇದು ಅರಬೈಲಿಗಿಂತ ಹಿತವಾದ ದಾರಿ. ಉಳಿದವರಿಗೆ ಬೇಡ.

ಅಣಶಿ ಘಟ್ಟದ ಪ್ರಶ್ನೆ ಸರಳ. ನೀವು ಹೋಗುವುದು ಜೊಯಿಡಾ, ದಾಂಡೇಲಿ, ಹಳಿಯಾಳ ಅಥವಾ ರಾಮನಗರ, ಖಾನಾಪುರ ದಾಟಿ ಬೆಳಗಾವಿಗೆ ಆದರೆ ಇದೇ ದಾರಿ, ಬೇರೆ ಯೋಚನೆಯೇ ಬೇಡ. ಹುಬ್ಬಳ್ಳಿಗಾದರೆ ಅಣಶಿ ಹಿಡಿಯುವುದರಲ್ಲಿ ಅರ್ಥವಿಲ್ಲ. ದಾರಿಯ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಗುತ್ತದೆ. ಫೋಟೊ ತೆಗೆಯಲು ಕಂಡಕಂಡಲ್ಲಿ ಇಳಿಯುವವರು, ಮಂಗಗಳಿಗೆ ಬಾಳೆಹಣ್ಣು ಎಸೆಯುವವರು ದಯವಿಟ್ಟು ಅರಬೈಲಿಗೇ ಹೋಗಿ.

ದೇವಿಮನೆ: ಹತ್ತಿರದ ದಾರಿ, ಹಣೆಬರಹದ ದಾರಿ

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿ.ಮೀ. ಅಮ್ಮಿನಳ್ಳಿ, ಬಂಡಲ, ರಾಗಿಹೊಸಳ್ಳಿ, ದೇವಿಮನೆ, ಕತಗಾಲ. ದಿವಗಿಯಲ್ಲಿ ಕರಾವಳಿ ಹೆದ್ದಾರಿ ಸೇರುತ್ತದೆ. ಅಲ್ಲಿ ಎಡಕ್ಕೆ ಹೋದರೆ ಕುಮಟಾ, ಬಲಕ್ಕೆ ಹೋದರೆ ಮಿರ್ಜಾನ್, ಗೋಕರ್ಣ, ಅಂಕೋಲಾ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿದ್ದ ಹತ್ತಿಗೆ ಲಿವರ್‌ಪೂಲಿನ ಮಾರುಕಟ್ಟೆಯಲ್ಲಿ ಕುಮಟಾದ ಹೆಸರೇ ಅಂಟಿಕೊಂಡಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ! ಅದು ಘಟ್ಟದ ಮೇಲಿನಿಂದ ಗಾಡಿಗಳಲ್ಲಿ ಇಳಿದು ಬಂದದ್ದು.

ಈಗ ಇದು ರಾಷ್ಟ್ರೀಯ ಹೆದ್ದಾರಿ 766ಇ. ಅಗಲೀಕರಣ ವರ್ಷಗಳಿಂದ ನಡೆಯುತ್ತಾ ಬಂದಿದೆ. ಅದು ಮುಗಿಯುವವರೆಗೆ ಶಿರಸಿಯವರು ಗೊಣಗುವುದೂ ಮುಗಿಯುವುದಿಲ್ಲ, ಅವರ ಗೊಣಗಾಟದಲ್ಲಿ ನ್ಯಾಯವಿದೆ. ಕೆಲಸದ ಕಾರಣಕ್ಕೆ, ಮಳೆಯ ಕಾರಣಕ್ಕೆ ಆಗಾಗ ಜಿಲ್ಲಾಧಿಕಾರಿಗಳ ಆದೇಶ ಹೊರಟು ಸಂಚಾರ ಬಂದ್ ಆಗುತ್ತದೆ, ಕೆಲವೊಮ್ಮೆ ಭಾರೀ ವಾಹನಗಳಿಗೆ ಮಾತ್ರ. ಹೊರಡುವ ದಿನದ ಸ್ಥಳೀಯ ಪತ್ರಿಕೆಯನ್ನೋ, ಶಿರಸಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯನ್ನೋ ನಂಬಿ. ಗೂಗಲ್ ನಕ್ಷೆಗೆ ಜಿಲ್ಲಾಧಿಕಾರಿಗಳ ಆದೇಶ ತಡವಾಗಿ ತಲುಪುತ್ತದೆ.

ರಸ್ತೆ ತೆರೆದಿದ್ದಾಗ ಶಿರಸಿಯಿಂದ ಕುಮಟಾ, ಗೋಕರ್ಣ, ಹೊನ್ನಾವರಗಳಿಗೆ ಇದಕ್ಕೆ ಪರ್ಯಾಯ ಹುಡುಕುವುದು ಹುಂಬತನ. ಪೇಚಾಟವಿರುವುದು ಶಿರಸಿಯಿಂದ ಕಾರವಾರಕ್ಕೆ ಹೋಗುವವರಿಗೆ. ದೇವಿಮನೆ ಮೂಲಕ ಸುಮಾರು 120 ಕಿ.ಮೀ. ಯಲ್ಲಾಪುರ, ಅರಬೈಲ್ ಮೂಲಕ ಹೋದರೆ ಅದಕ್ಕಿಂತ ಇಪ್ಪತ್ತೈದು ಮೂವತ್ತು ಕಿ.ಮೀ. ಹೆಚ್ಚು. ಜಿಲ್ಲಾ ಕೇಂದ್ರದಲ್ಲಿ ಕಚೇರಿ ಕೆಲಸವಿದ್ದು ಹನ್ನೊಂದು ಗಂಟೆಗೆ ಮೇಜಿನ ಮುಂದೆ ನಿಲ್ಲಲೇಬೇಕಾದವರು ಮಳೆಗಾಲದಲ್ಲಿ ಯಲ್ಲಾಪುರ ಸುತ್ತಿಕೊಂಡು ಹೋಗಲಿ. ದೂರ ಹೆಚ್ಚು, ಸಮಯ ಹೆಚ್ಚು ಕಡಿಮೆ ಒಂದೇ, ನೆಮ್ಮದಿ ಜಾಸ್ತಿ. ಬೇಸಿಗೆಯಲ್ಲಿ ದೇವಿಮನೆಯೇ ಸರಿ.

ಅಂಕೋಲೆಗೆ ಇಳಿಯಲು ಇನ್ನೊಂದು ಒಳದಾರಿ ಇದೆ: ದೇವನಳ್ಳಿ, ಮತ್ತೀಘಟ್ಟ, ವಡ್ಡಿ ಘಟ್ಟ, ಅಚವೆ. ಯಾಣಕ್ಕೆ ಹೋಗುವವರಿಗೆ ಗೊತ್ತಿರುವ ಭಾಗ. ಕಿರಿದು, ಕಡಿದಾದ ಏರು, ಎದುರಿನಿಂದ ಬಸ್ಸು ಬಂದರೆ ಹಿಂದಕ್ಕೆ ಸರಿಯುವ ಧೈರ್ಯ ಬೇಕು. ಊರಿನವರಿಗೆ ಇದು ಜೀವನಾಡಿ, ಹೊರಗಿನವರು ಮಳೆಯಲ್ಲಿ ಇದನ್ನು ಹೆದ್ದಾರಿಯ ಬದಲಿಯಾಗಿ ಬಳಸಬಾರದು. ಸಿದ್ದಾಪುರದಿಂದ ಕುಮಟೆಗೆ ಬರುವ ದೊಡ್ಮನೆ ಘಟ್ಟದ ಬಗ್ಗೆಯೂ ನನ್ನ ಅಭಿಪ್ರಾಯ ಅದೇ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ದಿನಗಳಲ್ಲಿ ಈ ಲೆಕ್ಕವೆಲ್ಲ ಬದಿಗಿಟ್ಟು ಬಸ್ಸಿನಲ್ಲೇ ಹೋಗಿ. ಶಿರಸಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಪುಣ್ಯವಂತರಿಗೆ ಮಾತ್ರ.

ಮಾಲೇಮನೆ: ಸುತ್ತು ಎನಿಸಿದರೂ ಕೈಬಿಡಬಾರದ ದಾರಿ

ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆಯವರೆಗೆ ಸಮತಟ್ಟು, ಆಮೇಲೆ ಮಾಲೇಮನೆ ಘಟ್ಟ, ಜೋಗದ ಕವಲು, ತಾಳಗುಪ್ಪ, ಸಾಗರ, ಶಿವಮೊಗ್ಗ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಸರಕು ಇಳಿಯುತ್ತಿದ್ದ ಕಣಿವೆ ಇದು. ಹಿಂದೆ ರಾಷ್ಟ್ರೀಯ ಹೆದ್ದಾರಿ 206, ಈಗ 69.

ಕುಮಟಾ, ಹೊನ್ನಾವರ, ಮುರ್ಡೇಶ್ವರದವರು ಸ್ವಂತ ಕಾರಿನಲ್ಲಿ ಬೆಂಗಳೂರಿಗೆ ಹೊರಟರೆ ನಾನು ಇದನ್ನೇ ಸೂಚಿಸುತ್ತೇನೆ. ಘಟ್ಟದ ತಿರುವುಗಳು ಸಾಕಷ್ಟಿವೆ, ಕಾಡು ದಟ್ಟವಾಗಿದೆ, ಹೋಟೆಲು ಕಡಿಮೆ. ಆದರೆ ಘಟ್ಟ ಹತ್ತಿದ ಮೇಲೆ ಸಾಗರ, ಶಿವಮೊಗ್ಗ ಎಂದು ದೊಡ್ಡ ಊರುಗಳು ಅಡ್ಡ ಬರುವುದರಿಂದ ವಿಶ್ರಾಂತಿಗೆ, ಊಟಕ್ಕೆ, ಅಗತ್ಯ ಬಿದ್ದರೆ ತಂಗಲು ಅನುಕೂಲ. ಅಂಕೋಲೆಯಿಂದ ಉತ್ತರಕ್ಕಿರುವವರು ಹುಬ್ಬಳ್ಳಿಗೆ ಹತ್ತಿ ಹೆದ್ದಾರಿ ಹಿಡಿಯುವುದೇ ಮೇಲು. ಭಟ್ಕಳದವರಿಗೆ ಕೋಗಾರ ಘಟ್ಟ ಹತ್ತಿರವಾದರೂ ಒಂಟಿ ದಾರಿ. ಪರಿಚಯವಿಲ್ಲದವರು ಹೊನ್ನಾವರಕ್ಕೆ ಬಂದು ಹತ್ತುವುದೇ ಕ್ಷೇಮ.

ಕರಾವಳಿಯ ಉದ್ದಕ್ಕೆ: ಹೆದ್ದಾರಿಯೋ ಕೊಂಕಣ ರೈಲೋ

ಕಾರವಾರದಿಂದ ಭಟ್ಕಳದವರೆಗೆ, ಆಚೆ ಉಡುಪಿ, ಮಂಗಳೂರಿಗೆ ಹೋಗಲು ರಾಷ್ಟ್ರೀಯ ಹೆದ್ದಾರಿ 66 ಇದೆ, 1998ರ ಜನವರಿ 26ರಿಂದ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಇದೆ. ರಸ್ತೆ ಸೇತುವೆಗಳು ಬರುವ ಮುನ್ನ ಇದೇ ದೂರಕ್ಕೆ ಹೊಳೆಗೊಂದರಂತೆ ದೋಣಿ ಕಾಯಬೇಕಿತ್ತು. ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿದವರಿಗೆ ಆ ಕಾಯುವಿಕೆಯ ರುಚಿ ಗೊತ್ತು.

ಹೆದ್ದಾರಿಯ ಲಾಭ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಹೋಗಬಹುದು ಎನ್ನುವುದು. ಹಟ್ಟಿಕೇರಿ, ಹೊಳೆಗದ್ದೆ, ಶಿರೂರು ಎಂದು ಟೋಲ್ ಕಟ್ಟುತ್ತಾ ಹೋಗಬೇಕು. ಕಾರವಾರದಿಂದ ಕುಮಟಾವರೆಗೆ ಮಾತ್ರವಾದರೆ ಹಟ್ಟಿಕೇರಿಯಲ್ಲಿ ಮುಗಿಯಿತು. ಚತುಷ್ಪಥವೆಂದು ಎಲ್ಲ ಕಡೆ ಒಂದೇ ವೇಗದಲ್ಲಿ ಓಡಿಸಬೇಡಿ. ಗುಡ್ಡ ಕಡಿದ ಜಾಗಗಳಲ್ಲಿ ಮಳೆಗಾಲದಲ್ಲಿ ನಿಲ್ಲಲೂ ಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಬಲಿಯಾದವರಲ್ಲಿ ರಸ್ತೆ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ ಮತ್ತು ಅಲ್ಲಿ ನಿಂತಿದ್ದ ಲಾರಿಯವರು ಸೇರಿದ್ದರು. ಟೋಲ್ ಇರುವ ಶಿರೂರು ಬೈಂದೂರಿನ ಕಡೆಯದು, ಇದು ಬೇರೆ. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೆಯ ಕಾಳಿ ಸೇತುವೆಯೇ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಅದರ ಚಾಲಕ ಬದುಕಿದ್ದು ಅದೃಷ್ಟ.

ರೈಲಿನ ತಕರಾರು ನಿಲ್ದಾಣಗಳದು. ಕಾರವಾರದ ನಿಲ್ದಾಣ ಊರಿನಿಂದ ಆರೇಳು ಕಿ.ಮೀ. ದೂರದ ಶಿರವಾಡದಲ್ಲಿದೆ. ಗೋಕರ್ಣ ರೋಡ್ ಎಂಬ ನಿಲ್ದಾಣದಿಂದ ಗೋಕರ್ಣಕ್ಕೆ ಇನ್ನೂ ಹತ್ತು ಕಿ.ಮೀ. ಆಟೊದವರು ಕೇಳುವ ದುಡ್ಡು ಒಮ್ಮೊಮ್ಮೆ ರೈಲಿನ ಟಿಕೆಟ್ಟಿಗಿಂತ ಹೆಚ್ಚಾಗುತ್ತದೆ. ಹಾಗಾಗಿ ಕುಮಟೆಯಿಂದ ಅಂಕೋಲೆಗೆ ರೈಲು ಹತ್ತುವುದು ವ್ಯರ್ಥ, ಬಸ್ಸೇ ಸಾಕು. ನೂರು ಕಿ.ಮೀ. ಮೀರಿದರೆ ರೈಲು ಗೆಲ್ಲುತ್ತದೆ. ಒಬ್ಬರೇ ಹೋಗುವ ಗಂಡಸರಿಗೆ ಮಂಗಳೂರು–ಮಡಗಾಂವ್ ಪ್ಯಾಸೆಂಜರಿಗಿಂತ ಅಗ್ಗದ್ದು ಇಲ್ಲ. 2023ರ ಕೊನೆಯಲ್ಲಿ ಶುರುವಾದ ಮಂಗಳೂರು–ಮಡಗಾಂವ್ ವಂದೇ ಭಾರತ್ ಈ ಜಿಲ್ಲೆಯಲ್ಲಿ ನಿಲ್ಲುವುದು ಕಾರವಾರದಲ್ಲಿ ಮಾತ್ರ. ಸಮಯಕ್ಕೆ ಬೆಲೆ ಕೊಡುವ ಕಾರವಾರದವರಿಗೆ ಅದು ವರ, ಕುಮಟೆಯವರಿಗೆ ನೋಡಿ ಸಂತೋಷಪಡುವ ವಸ್ತು. ಮಳೆಗಾಲದ ವೇಳಾಪಟ್ಟಿ ಬೇರೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ರೈಲುಗಳನ್ನು ಉದ್ದೇಶಪೂರ್ವಕವಾಗಿಯೇ ನಿಧಾನ ಓಡಿಸುತ್ತಾರೆ.

ಕಿಟಕಿ ಪಕ್ಕ ಕೂರುವವರಿಗೆ ಒಂದು ಮಾತು: ಹೊನ್ನಾವರದ ಶರಾವತಿ ಸೇತುವೆ ಎರಡು ಕಿ.ಮೀ.ಗಿಂತ ಉದ್ದ, ಇಡೀ ಕೊಂಕಣ ರೈಲಿನಲ್ಲಿ ಅದೇ ದೊಡ್ಡದು.

ಬೆಂಗಳೂರಿಗೆ

ಕರಾವಳಿಯವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಬಂದ ಮೇಲೆ ಹಳೆಯ ಲೆಕ್ಕ ತಲೆಕೆಳಗಾಯಿತು. ಸಂಜೆ ಹತ್ತಿದರೆ ಬೆಳಿಗ್ಗೆ ಆಚೆ ತುದಿ, ಮಂಗಳೂರು ನಗರದೊಳಗೆ ಹೋಗದೆ ಪಡೀಲ್ ಮೂಲಕ ತಿರುಗಿ ಸುಬ್ರಹ್ಮಣ್ಯ, ಸಕಲೇಶಪುರ, ಹಾಸನ, ಕುಣಿಗಲ್. ಮೈಸೂರು ಮಾರ್ಗವಾಗಿ ಮುರ್ಡೇಶ್ವರದವರೆಗೆ ಬರುವ ಇನ್ನೊಂದು ರೈಲೂ ಇದೆ. ಕಾಲು ಚಾಚಿ ಮಲಗಬೇಕು, ಶೌಚಾಲಯ ಬೇಕು, ತಿರುವಿಗೆ ತಲೆ ತಿರುಗಬಾರದು ಎನ್ನುವ ಹಿರಿಯರಿಗೆ ಎರಡನೆಯ ಆಯ್ಕೆಯೇ ಇಲ್ಲ. ತೊಂದರೆ ಟಿಕೆಟ್ಟಿನದು. ಗಣೇಶ ಚೌತಿ, ದೀಪಾವಳಿಯ ಆಸುಪಾಸಿನಲ್ಲಿ ವೇಟಿಂಗ್ ಲಿಸ್ಟ್ ನೋಡಿಯೇ ಮನಸ್ಸು ಕುಗ್ಗುತ್ತದೆ. ಆಗ ಖಾಸಗಿ ಸ್ಲೀಪರ್ ಬಸ್ಸಿನವರು ಕೇಳಿದ್ದೇ ದರ. ಸರ್ಕಾರಿ ವೇಗದೂತ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬರಲು ತಯಾರಿರುವ ಹೆಣ್ಣುಮಕ್ಕಳಿಗೆ ಮಾತ್ರ ಆ ದಿನಗಳಲ್ಲೂ ಖರ್ಚಿಲ್ಲ.

ರೈಲಿಗೆ ಘಟ್ಟದ ಭಯವಿಲ್ಲ ಎಂದುಕೊಳ್ಳಬೇಡಿ. ಅದೂ ಸಕಲೇಶಪುರದ ಘಟ್ಟ ಹತ್ತಲೇಬೇಕು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಮತ್ತು ಯಡಕುಮೇರಿ ನಡುವೆ ಮಣ್ಣು ಕುಸಿದು ಬೆಂಗಳೂರಿನ ರೈಲುಗಳು ಹಲವು ದಿನ ನಿಂತವು. ಶಿರೂರಿನ ದುರಂತವಾಗಿ ಹತ್ತೇ ದಿನವಾಗಿತ್ತು ಆಗ. ಅಂಥ ದಿನಗಳಲ್ಲಿ ಹುಬ್ಬಳ್ಳಿಗೆ ಹತ್ತಿ ಅಲ್ಲಿಂದ ರೈಲು ಹಿಡಿಯುವುದು ಉಳಿಯುವ ದಾರಿ.

ಶಿರಸಿಯವರು ಬೆಂಗಳೂರಿನ ರೈಲಿಗಾಗಿ ಕುಮಟೆಗೆ ಇಳಿಯಬೇಕಾಗಿಲ್ಲ. ಅವರಿಗೆ ಎರಡು ನಿಲ್ದಾಣಗಳಿವೆ: ಸಿದ್ದಾಪುರ ದಾಟಿದರೆ ಸಿಗುವ ತಾಳಗುಪ್ಪ, ಸುಮಾರು 75 ಕಿ.ಮೀ. ದೂರದ ಹಾವೇರಿ. ತಾಳಗುಪ್ಪ ರೈಲಿನ ಕೊನೆಯ ನಿಲ್ದಾಣವಾದ್ದರಿಂದ ಗಡಿಬಿಡಿಯಿಲ್ಲದೆ ಹತ್ತಿ ಮಲಗಬಹುದು, ಬೆಂಗಳೂರಿಗೂ ಮುಂದೆ ಮೈಸೂರಿಗೂ ರಾತ್ರಿ ರೈಲಿದೆ. ಹಾವೇರಿ ಹುಬ್ಬಳ್ಳಿಯ ಮುಖ್ಯ ಮಾರ್ಗದಲ್ಲಿರುವುದರಿಂದ ರೈಲುಗಳು ಹೆಚ್ಚು, ಒಂದು ತಪ್ಪಿದರೆ ಇನ್ನೊಂದು. ಸಾಮಾನು, ಮಕ್ಕಳು ಇದ್ದರೆ ತಾಳಗುಪ್ಪ. ಒಬ್ಬರೇ, ಕೈಚೀಲ ಮಾತ್ರ, ಸಮಯ ನಿಶ್ಚಯವಿಲ್ಲ ಎಂದರೆ ಹಾವೇರಿ. ಇದಾವುದರ ಉಸಾಬರಿ ಬೇಡವೆಂದರೆ ಶಿರಸಿ ಊರೊಳಗೇ ರಾತ್ರಿ ಬಸ್ಸು ಹತ್ತಬಹುದು. ಆ ದಾರಿಯಲ್ಲಿ ಕಡಿದಾದ ಘಟ್ಟವಿಲ್ಲ, ಆದ್ದರಿಂದ ಬಸ್ಸಿಗೆ ನನ್ನ ವಿರೋಧವೂ ಇಲ್ಲ.

ಹುಬ್ಬಳ್ಳಿ–ಅಂಕೋಲಾ ರೈಲನ್ನು ಯಾಕೆ ಲೆಕ್ಕಕ್ಕೆ ಹಿಡಿದಿಲ್ಲ ಎಂದು ಕೇಳುವವರಿರುತ್ತಾರೆ. ತೊಂಬತ್ತರ ದಶಕದ ಕೊನೆಯಿಂದ ಆ ಮಾರ್ಗ ಕಡತಗಳಲ್ಲಿ, ಕಾಡಿನ ಅನುಮತಿಯಲ್ಲಿ, ನ್ಯಾಯಾಲಯಗಳಲ್ಲಿ ಓಡಾಡುತ್ತಿದೆ, ಹಳಿಯ ಮೇಲೆ ಇನ್ನೂ ಬಂದಿಲ್ಲ. ಅದನ್ನು ನಂಬಿ ಅಂಕೋಲೆಯಲ್ಲಿ ಸೈಟ್ ಕೊಳ್ಳಬೇಡಿ. ಇಂದು ಕಾರವಾರದಿಂದ ಹುಬ್ಬಳ್ಳಿಗೆ ರೈಲಿನಲ್ಲೇ ಹೋಗಬೇಕೆಂದರೆ ಮಡಗಾಂವಿನಲ್ಲಿ ಬದಲಿಸಿ ದೂಧ್‌ಸಾಗರ, ಕ್ಯಾಸಲ್‌ರಾಕ್, ಲೋಂಡಾ ಸುತ್ತಬೇಕು. ನೋಡಲು ಚೆಂದ, ಕೆಲಸಕ್ಕೆ ಹೋಗುವವರಿಗಲ್ಲ.

ಆಸ್ಪತ್ರೆಗೆ ಹೊರಟವರಿಗೆ

ಈ ಜಿಲ್ಲೆಯಲ್ಲಿ ದಾರಿಯ ಪ್ರಶ್ನೆ ಹೆಚ್ಚು ಕಠಿಣವಾಗುವುದು ರೋಗಿಯನ್ನು ಹೊರಗೆ ಒಯ್ಯಬೇಕಾದಾಗ. ಆಗ ಒಳ್ಳೆಯ ಆಸ್ಪತ್ರೆ ಯಾವುದು ಎನ್ನುವುದರ ಜೊತೆಗೆ ಘಟ್ಟವಿಲ್ಲದ ದಾರಿ ಯಾವುದು ಎಂದೂ ಕೇಳಿ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿ.ಮೀ. ದಾರಿಯಲ್ಲಿ ಕಡಿದಾದ ಘಟ್ಟವಿಲ್ಲ. ಅದೇ ರೋಗಿಯನ್ನು ಮಣಿಪಾಲಕ್ಕೆ ಒಯ್ದರೆ ದೇವಿಮನೆ ಅಥವಾ ಮಾಲೇಮನೆ ಇಳಿಯಲೇಬೇಕು. ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಮಣಿಪಾಲದ ದಾರಿ ಪೂರ್ತಿ ಕರಾವಳಿಯದು. ಕಾರವಾರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಅದಕ್ಕೆ ಮೀರಿದ್ದಾದರೆ ಗೋವೆಯ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಹತ್ತಿರ, ಕಾಣಕೋಣ ದಾಟಿದ ಮೇಲೆ ಕರ್ಮಲ್ ಘಟ್ಟದ ತಿರುವುಗಳಿವೆ ಎಂದು ಆಂಬುಲೆನ್ಸಿನಲ್ಲಿ ಕೂರುವವರಿಗೆ ಮೊದಲೇ ತಿಳಿದಿರಲಿ. ಮುಂಚಿತವಾಗಿ ದಿನ ನಿಗದಿಯಾದ ಶಸ್ತ್ರಚಿಕಿತ್ಸೆ, ತಪಾಸಣೆಗಳಾದರೆ ಮಳೆಗಾಲದಲ್ಲಿ ಹಿಂದಿನ ದಿನವೇ ಘಟ್ಟ ದಾಟಿ ಆ ಊರಿನಲ್ಲಿ ಉಳಿಯಿರಿ. ಡಯಾಲಿಸಿಸ್‌ನಂತೆ ವಾರಕ್ಕೆ ಎರಡು ಮೂರು ಬಾರಿ ಹೋಗಬೇಕಾದದ್ದಿದ್ದರೆ ಘಟ್ಟದ ಆಚೆಯ ದೊಡ್ಡ ಆಸ್ಪತ್ರೆಗಿಂತ ಈಚೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಸೌಲಭ್ಯ ಇದೆಯೇ ಎಂದು ಮೊದಲು ವಿಚಾರಿಸಿ.